ಕಾರಿನ ಹಲ್ಲು, ಹೆಂಡತಿಯ ತವರು

ಮನುಷ್ಯನಿಗೆ ದುಃಖ ಯಾವ ದಿಕ್ಕಿನಿಂದ ಬರುತ್ತದೆಂದು ಮೊದಲೇ ಹೇಳಲಾಗುವುದಿಲ್ಲ. ಕೆಲವರಿಗೆ ಮಕ್ಕಳ ಕಡೆಯಿಂದ ಬರುತ್ತದೆ, ಕೆಲವರಿಗೆ ಮೇಲಧಿಕಾರಿಯ ಕಡೆಯಿಂದ, ಇನ್ನು ಕೆಲವರಿಗೆ ಒಂದೇ ಗೋಡೆಯ ಆಚೆಗಿರುವ ನೆರೆಯವರಿಂದ. ಅಂಥವರಿಗೆ ಸಮಾಧಾನ ಹೇಳಲು ಲೋಕದಲ್ಲಿ ಜನ ಇದ್ದಾರೆ, ಅದಕ್ಕೆ ಬೇಕಾದ ಮಾತುಗಳೂ ಇವೆ. ನನ್ನ ದುಃಖ ಬಂದದ್ದು ಒಂದು ಹಳೆಯ ಕಾರಿನ ಹಿಂದಿನ ಎರಡು ಗಾಲಿಗಳ ನಡುವಿನಿಂದ. ಇದಕ್ಕೆ ಯಾರೂ ಸಮಾಧಾನ ಹೇಳಲಿಲ್ಲ. ಹೇಳಲು ಬಂದವರೂ ಕಾರಿನ ಕೆಳಗೆ ಬಗ್ಗಿ ನೋಡಿ, ತಮ್ಮದೊಂದು ಅಭಿಪ್ರಾಯ ಕೊಟ್ಟು, ಚಹಾ ಕುಡಿದು ಹೋದರು. ಆ ಕಾಲದಲ್ಲಿ ಮಾನ್ವಿಯಲ್ಲಿ ನಮ್ಮ ಮನೆಯಷ್ಟು ಚಹಾಪುಡಿ ಖರ್ಚಾದ ಮನೆ ಇನ್ನೊಂದು ಇರಲಿಕ್ಕಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಮಾನ್ವಿಯ ದನದ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದೆ. ನಮ್ಮದು ದೇವದುರ್ಗದ ಕಡೆಯ ಕುರಿ ಕಾಯುವ ಮನೆತನ. ನಮ್ಮಪ್ಪ ಜೀವಮಾನವೆಲ್ಲ ಕುರಿಯ ಹಿಂದೆ ನಡೆದರು, ನಾನು ನಾಲ್ಕಕ್ಷರ ಕಲಿತು ಕುರಿಯ ಮುಂದೆ ಸೂಜಿ ಹಿಡಿದು ನಿಂತೆ. ನಮ್ಮ ಮನೆತನದಲ್ಲಿ ಆದ ಪ್ರಗತಿ ಅಷ್ಟು. ಊರಿನ ಜನ ನನ್ನನ್ನು ಡಾಕ್ಟರೇ ಎಂದು ಕರೆಯುತ್ತಿದ್ದರು. ನಿಜವಾದ ಡಾಕ್ಟರು ಮಾತ್ರ ‘ಏನ್ರೀ’ ಎನ್ನುತ್ತಿದ್ದರು. ಇಷ್ಟಕ್ಕೇ ತೃಪ್ತನಾಗಿ ಇದ್ದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ರಾಯಚೂರಿನಲ್ಲಿ ಒಬ್ಬ ಮುದಿ ವಕೀಲರಿದ್ದರು. ನಿಜಾಮರ ಕಾಲದಲ್ಲಿ ಭಾರೀ ಹೆಸರು ಮಾಡಿದವರು. ಅವರ ಎಮ್ಮೆಗೆ ಹೊಟ್ಟೆಯುಬ್ಬರ ಬಂದಾಗ ನಾನು ಹೋಗಿ ಉಳಿಸಿಕೊಟ್ಟೆ. ಅವರು ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟಾಗ, ಎಮ್ಮೆಯನ್ನು ಬೇರೆಯವರಿಗೆ ಕೊಟ್ಟು, ಷೆಡ್ಡಿನಲ್ಲಿದ್ದ ಕಾರನ್ನು ನನಗೆ ಕೊಟ್ಟರು. ಎಮ್ಮೆಯನ್ನೇ ಕೊಡಿ ಎಂದು ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ.

ಕಾರು ಕಪ್ಪಗೆ, ಎತ್ತರಕ್ಕೆ, ಎರಡೂ ಬದಿಗೆ ಕಾಲಿಡುವ ಹಲಗೆ ಇದ್ದು, ನೋಡಲು ಘನವಾಗಿತ್ತು. ಇಲಾಖೆಯ ಜೀಪಿನ ಡ್ರೈವರು ನನಗೆ ಆಗಲೇ ಅಷ್ಟಿಷ್ಟು ಓಡಿಸಲು ಕಲಿಸಿದ್ದ. ರಾಯಚೂರಿನಿಂದ ಮಾನ್ವಿಯವರೆಗೆ ಅದು ಮರ್ಯಾದೆಯಿಂದಲೇ ಬಂತು. ದಾರಿಯಲ್ಲಿ ಜನ ಯಾರೋ ಮಂತ್ರಿ ಬಂದರೆಂದು ಎದ್ದು ನಿಂತರು. ಆ ದಿನ ನನ್ನ ಮುಖದಲ್ಲಿದ್ದ ಕಳೆ ನನ್ನ ಮದುವೆಯ ದಿನವೂ ಇರಲಿಲ್ಲವೆಂದು ಹೆಂಡತಿ ನೀಲಮ್ಮ ಈಗಲೂ ಹೇಳುತ್ತಾಳೆ.

ನೀಲಮ್ಮನ ತವರು ನೀರಮಾನ್ವಿ. ಮಾನ್ವಿಯಿಂದ ಬಸ್ಸು ಹತ್ತಿದರೆ ಒಂದು ಎಲೆ ಅಡಿಕೆ ಅಗಿದು ಮುಗಿಯುವುದರೊಳಗೆ ಬರುವ ಊರು. ಅಲ್ಲಿ ಅವಳ ತಾಯಿ, ಅಣ್ಣ ಭೀಮಣ್ಣ, ಅತ್ತಿಗೆ ಇದ್ದರು. ನಾದಿನಿಯನ್ನು ಕುರಿ ಕಾಯುವವರ ಮನೆಗೆ ಕೊಟ್ಟರೆಂಬ ಒಂದು ಸಣ್ಣ ಮುಳ್ಳು ಆ ಅತ್ತಿಗೆಯ ನಾಲಿಗೆಯಲ್ಲಿ ಯಾವಾಗಲೂ ಇರುತ್ತಿತ್ತು. ಭೀಮಣ್ಣನ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ನಾವು ಕಾರಿನಲ್ಲಿ ಬರುತ್ತೇವೆಂದು ನೀಲಮ್ಮ ಮೊದಲೇ ಹೇಳಿಕಳಿಸಿದಳು. ಹಾಗೆ ಹೇಳಿಕಳಿಸಬಾರದಿತ್ತು. ರೇಷ್ಮೆ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಒಬ್ಬಳೇ ಕುಳಿತಳು. ಊರು ದಾಟಿ ಕಾಲುವೆಯ ಏರಿ ಹತ್ತುವಾಗ ಕೆಳಗಿನಿಂದ ಹುರಿಗಡಲೆ ಅಗಿದಂತೆ ಕಟಕಟ ಸಪ್ಪಳವಾಯಿತು. ಆಮೇಲೆ ಎಂಜಿನ್ ಕೂಗಿತು, ನಾನು ಗೇರು ಹಾಕಿದೆ, ಎಂಜಿನ್ ಇನ್ನೂ ಜೋರಾಗಿ ಕೂಗಿತು, ಕಾರು ಮಾತ್ರ ಇದ್ದಲ್ಲೇ ಇತ್ತು. ಹೊಲದಲ್ಲಿದ್ದವರು ಬಂದು ಅದನ್ನು ನೂಕಿ ಮನೆ ಸೇರಿಸಿದರು. ನಾವು ಬಸ್ಸು ಹಿಡಿದು ನೀರಮಾನ್ವಿ ಮುಟ್ಟುವಷ್ಟರಲ್ಲಿ ಮಗುವಿಗೆ ಹೆಸರಿಟ್ಟು ಮುಗಿದಿತ್ತು.

ಅತ್ತಿಗೆ ಬಾಗಿಲಲ್ಲೇ ನಿಂತು, ಹತ್ತು ಹೆಂಗಸರ ಎದುರಿಗೆ, ಬಹಳ ಕಾಳಜಿಯಿಂದ ಕೇಳಿದಳು: “ಕಾರು ನೆಳ್ಳಿಗೆ ನಿಂದರಿಸಿ ಬಂದಿ ಇಲ್ಲವಾ ನೀಲವ್ವ? ಬಿಸಲಿಗೆ ಬಣ್ಣ ಹೋಗ್ತದ ನೋಡು.”

ಹೆಂಗಸರು ಸೆರಗು ಬಾಯಿಗೆ ಹಿಡಿದರು. ನೀಲಮ್ಮ ಸಿಟ್ಟು ಮಾಡಲಿಲ್ಲ. ಅವಳು ಸಿಟ್ಟು ಮಾಡಿದರೆ ನನಗೆ ಭಯವಿಲ್ಲ, ಸಮಾಧಾನದಿಂದ ಮಾತಾಡಿದರೆ ಭಯ. “ಅತ್ತಿಗಿ, ಇನ್ನ ಈ ಹೊಸ್ತಲ ನಾ ತುಳಿಯೂದು ಕಾರಿನಾಗ ಬಂದ ದಿನ,” ಎಂದಳು. ಊಟ ಮಾತ್ರ ಮಾಡಿಕೊಂಡೇ ಹೊರಟಳು, ಹೋಳಿಗೆ ಮಾಡಿದ್ದರು. ಆ ದಿನದಿಂದ ನೀಲಮ್ಮನ ತವರಿಗೂ ಅವಳಿಗೂ ನಡುವೆ ನಮ್ಮ ಕಾರು ಅಡ್ಡ ನಿಂತಿತು. ಅವಳ ತಾಯಿಗೆ ಮೊಣಕಾಲು ಹಿಡಿದು ಹೋಗಿದ್ದವು, ಕಣ್ಣೂ ಮಂಜಾಗುತ್ತ ಬಂದಿದ್ದವು. ಭೀಮಣ್ಣ ಪ್ರತಿ ನಾಗರ ಪಂಚಮಿಗೆ ತಂಗಿಯನ್ನು ಕರೆಯಲು ಬರುವನು, ಇವಳು ಚಹಾ ಕೊಟ್ಟು ಕಳಿಸುವಳು. ತಾಯಿಯನ್ನೇ ಇಲ್ಲಿಗೆ ಕರೆತನ್ನಿ ಎಂದು ನಾನು ಹೇಳಿಕಳಿಸಿದೆ. ಪಂಚಮಿಗೆ ಮಗಳು ತವರಿಗೆ ಬರಬೇಕೇ ಹೊರತು ತವರೇ ಗಂಟು ಕಟ್ಟಿಕೊಂಡು ಮಗಳ ಮನೆಗೆ ಹೋಗುವುದು ಯಾವ ಊರಿನ ಪದ್ಧತಿ ಎಂದು ಆ ಮುದುಕಿ ಉತ್ತರ ಕಳಿಸಿದಳು. ನೀಲಮ್ಮನ ಹಟ ಎಲ್ಲಿಂದ ಬಂದದ್ದೆಂದು ಆಗ ನನಗೆ ತಿಳಿಯಿತು. ಒಟ್ಟಿನಲ್ಲಿ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಬೇಕಾದರೆ ನಾನು ಕಾರಿನ ಹಿಂಭಾಗವನ್ನು ಸರಿಮಾಡಬೇಕಾಗಿತ್ತು.

ಸರಿಮಾಡುವುದೇನು ದೊಡ್ಡದು ಎಂದುಕೊಂಡೆ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಗ್ಯಾರೇಜು ಇಟ್ಟಿದ್ದ ಬಾಬುಮಿಯಾ ಎಂಬ ಮಿಸ್ತ್ರಿಯನ್ನು ಕರೆತಂದೆ. ಅವನಿಗೆ ತನ್ನ ವಿದ್ಯೆಯ ಮೇಲೆ ವಿಪರೀತ ಹೆಮ್ಮೆ. ನಟ್ಟು ಬಿಚ್ಚುವ ಪಾನಾಗಳ ಚೀಲವನ್ನು ನನ್ನಿಂದಲೇ ಹೊರಿಸಿಕೊಂಡು ಬಂದ. ಹಿಂದಿನ ಆಕ್ಸಲ್ಲಿನ ನಡುವೆ ಗಡಿಗೆಯಂತೆ ಉಬ್ಬಿಕೊಂಡಿರುವ ಭಾಗದ ಮುಚ್ಚಳ ಬಿಚ್ಚಿ, ಕರಿ ಎಣ್ಣೆಯಲ್ಲಿ ಕೈಯಿಟ್ಟು ತಡಕಾಡಿ, ಕಬ್ಬಿಣದ ಚೂರುಗಳನ್ನು ಹೆಕ್ಕಿ ಪ್ರಸಾದ ಹಾಕುವಂತೆ ನನ್ನ ಅಂಗೈಯಲ್ಲಿ ಹಾಕಿದ.

“ಡಿಪ್ರನ್ಸಿಲ್ ಹೋಗ್ಯಾದ ಡಾಕ್ಟರ್ ಸಾಬ್,” ಎಂದ.

ನನಗೆ ಮೂವತ್ತೆಂಟು ವರ್ಷವಾಗಿತ್ತು. ಕಾರಿಗೆ ಅಂಥದೊಂದು ಅವಯವ ಇದೆಯೆಂದು ಆಗಲೇ ಕೇಳಿದ್ದು. ಅವನೇ ತಿಳಿಸಿ ಹೇಳಿದ. ಕಣದಲ್ಲಿ ತೆನೆ ತುಳಿಸಲು ಹಂತಿ ಹೊಡೆಯುವಾಗ ನಡುಗಂಬವಾದ ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದರೆ ಸಾಕು, ಹೊರಗಿನ ಎತ್ತು ಓಡಬೇಕು. ಕಾರು ತಿರುಗುವಾಗಲೂ ಹಾಗೆಯೇ, ಒಳಗಿನ ಗಾಲಿ ನಿಧಾನ, ಹೊರಗಿನದು ಜೋರು. ಇಬ್ಬರನ್ನೂ ಸಂಭಾಳಿಸಿ ನಡೆಸುವುದೇ ಈ ಡಿಫರೆನ್ಶಿಯಲ್ಲಿನ ಕೆಲಸ. ಎಂಜಿನ್ನಿನ ಕಡೆಯಿಂದ ಬರುವ ಉದ್ದ ಸರಳಿನ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲಿನ ಚಕ್ರ, ಅದು ತಿರುಗಿಸುವುದು ಕ್ರೌನ್ ಎಂಬ ತಾಟಿನಷ್ಟು ದೊಡ್ಡ ಹಲ್ಲಿನ ಚಕ್ರವನ್ನು. ನಮ್ಮ ಕಾರಿನಲ್ಲಿ ಆ ದೊಡ್ಡದರ ಹಲ್ಲು ಮುರಿದಿದ್ದವು, ಸಣ್ಣದೂ ಸವೆದಿತ್ತು. ತಂದರೆ ಜೋಡಿಯನ್ನೇ ತರಬೇಕು, ಒಂದನ್ನು ಮಾತ್ರ ತಂದರೆ ಹಳೆಯದರ ಜೊತೆ ಸಂಸಾರ ಮಾಡುವುದಿಲ್ಲ ಎಂದ. ಯಾವ ಕಾರಿನದು ತರಬೇಕೆಂದು ಕೇಳಿದೆ. ಅದನ್ನು ನೀವು ಹೇಳಬೇಕು ಎಂದ.

ಇಲ್ಲಿಂದ ನನ್ನ ಹಾಳಾಗುವಿಕೆ ಶುರುವಾಯಿತು. ಆ ಕಾರು ಯಾವ ಕಂಪನಿಯದೆಂದು ಯಾರಿಗೂ ಗೊತ್ತಿರಲಿಲ್ಲ. ಹೆಸರಿದ್ದ ಜಾಗದಲ್ಲಿ ಎರಡು ತೂತು ಮಾತ್ರ ಇದ್ದವು. ವಕೀಲರಿಗೆ ಬರೆದು ಕೇಳಿದರೆ, ಅದನ್ನು ಕೊಂಡವರು ತಮ್ಮ ಮಾವನವರು, ತಾವು ಅದರಲ್ಲಿ ಕುಳಿತದ್ದಷ್ಟೇ ಎಂದರು. ಬಂದು ನೋಡಿದವರಲ್ಲಿ ಒಬ್ಬ ಇಂಗ್ಲೆಂಡಿನದು ಎಂದ, ಒಬ್ಬ ಅಮೆರಿಕದ್ದು ಎಂದ, ನಮ್ಮ ಓಣಿಯ ಹಿಟ್ಟಿನ ಗಿರಣಿಯವನು ಇದು ಎರಡು ಕಾರು ಕೂಡಿಸಿ ಮಾಡಿದ್ದು ಎಂದ. ದೇವದುರ್ಗದಲ್ಲಿ ಒಬ್ಬ ಮುದಿ ಡ್ರೈವರಿದ್ದ. ಯಾವುದೋ ಜಹಗೀರದಾರರ ಕಾರು ಓಡಿಸಿದವನು. ಅವನನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಬಂದೆ. ಕಾರನ್ನು ನೋಡಿದ ಕೂಡಲೇ ಅದರ ಮುಂದಿನ ದೀಪವನ್ನು ಎರಡೂ ಕೈಯಿಂದ ಹಿಡಿದುಕೊಂಡು ಅತ್ತುಬಿಟ್ಟ. ಇದೇ ಗಾಡಿ, ತಾನು ಓಡಿಸಿದ್ದು ಇಂಥದೇ ಗಾಡಿ ಎಂದ. ನನಗೂ ಕಣ್ಣು ತುಂಬಿ ಬಂದು, ಇದರ ಹೆಸರೇನು ಎಂದು ಕೇಳಿದೆ. “ಹೆಸರು ಯಾರು ಕೇಳ್ತಿದ್ದರ್ರಿ, ಸರಕಾರ್ ಗಾಡಿ ತೆಗಿ ಅಂತಿದ್ರು, ತೆಗೀತಿದ್ದೆ,” ಎಂದ. ಅವನು ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದು, ಊಟ ಚೆನ್ನಾಗಿದೆಯೆಂದು ಹೇಳಿ ಹೋದ.

ಮತ್ತೆ ಕರೆತಂದ ಬಾಬುಮಿಯಾನಿಗೆ ಇದನ್ನೆಲ್ಲ ಹೇಳಿದರೆ, ಕಾರಿನ ಹೆಸರು ಕಟ್ಟಿಕೊಂಡು ಏನು ಮಾಡುತ್ತೀರಿ ಎಂದು ನಕ್ಕ. ಒಂದೇ ಕಂಪನಿಯವರು ನಾಲ್ಕು ವರ್ಷಕ್ಕೆ ನಾಲ್ಕು ತರಹದ್ದು ಹಾಕುತ್ತಾರೆ, ನಾಲ್ಕು ಕಂಪನಿಯವರು ಒಂದೇ ತರಹದ್ದನ್ನು ಹಾಕುತ್ತಾರೆ. ಗುರುತು ಹಿಡಿಯಬೇಕಾದದ್ದು ಡಿಫರೆನ್ಶಿಯಲ್ಲನ್ನೇ. ಮುಚ್ಚಳ ಹಿಂದಕ್ಕಿದೆಯೋ, ಅಥವಾ ಇಡೀ ಗುಂಡಿಗೆಯೇ ಮುಂದಿನಿಂದ ಹೊರಗೆ ಬರುತ್ತದೆಯೋ. ಪಿನಿಯನ್ನು ಕ್ರೌನಿನ ನಟ್ಟನಡುವೆ ಮುಟ್ಟುತ್ತದೆಯೋ, ಸ್ವಲ್ಪ ಕೆಳಗಿಳಿದು ಮುಟ್ಟುತ್ತದೆಯೋ. ಕ್ರೌನಿನ ಬೆನ್ನಿಗೆ ಬೋಲ್ಟಿನ ತೂತು ಎಷ್ಟು. ಎಲ್ಲಕ್ಕಿಂತ ಮುಖ್ಯ, ದೊಡ್ಡದಕ್ಕೆ ಹಲ್ಲು ಎಷ್ಟು, ಸಣ್ಣದಕ್ಕೆ ಎಷ್ಟು. ನನ್ನ ಮದುವೆಯಲ್ಲಿ ಗೋತ್ರ ನಕ್ಷತ್ರಗಳನ್ನು ಇಷ್ಟು ಕಟ್ಟುನಿಟ್ಟಾಗಿ ಯಾರೂ ಕೇಳಿರಲಿಲ್ಲ. ಎರಡೂ ಚಕ್ರಗಳನ್ನು ಬಿಚ್ಚಿ ಹೊರಗಿಟ್ಟು, ತೂತು ಎಂಟು ಎಂದು ಅವನೇ ಬೆರಳಿಟ್ಟು ತೋರಿಸಿದ. ಹಲ್ಲು ಎಣಿಸುವ ಕೆಲಸ ನನಗೆ ಬಿಟ್ಟು, ಸಂಜೆಯ ಬಸ್ಸಿಗೆ ತಡವಾಯಿತೆಂದು ಹೊರಟ.

ಮರುದಿನ ನಮ್ಮಪ್ಪ ದೇವದುರ್ಗದಿಂದ ಬಂದರು. ಹಲ್ಲಿನ ವಿಷಯದಲ್ಲಿ ನಮ್ಮಪ್ಪನನ್ನು ಮೀರಿಸುವವರು ಮೂರು ತಾಲೂಕಿನಲ್ಲಿ ಇರಲಿಲ್ಲ. ಸಂತೆಯಲ್ಲಿ ಕುರಿಯ ಬಾಯಿ ಬಿಡಿಸಿ ಹೆಬ್ಬೆಟ್ಟು ಆಡಿಸಿದರೆಂದರೆ ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಹಲ್ಲು ಉದುರಿ ಮುದಿಯಾದದ್ದೋ ತಕ್ಷಣ ಹೇಳುವರು. ಮಾರುವವನೂ ಕೊಳ್ಳುವವನೂ ಅದನ್ನು ಒಪ್ಪಿಕೊಳ್ಳಬೇಕು. ಕ್ರೌನನ್ನು ಅವರ ತೊಡೆಯ ಮೇಲಿಟ್ಟೆ. ಕಂಬಳಿಯ ಚುಂಗಿನಿಂದ ಎಣ್ಣೆ ಒರೆಸಿ, ಕಣ್ಣು ಮುಚ್ಚಿ, ಹೆಬ್ಬೆಟ್ಟಿನಿಂದ ಒಂದು ಸುತ್ತು ಬಂದು, “ಮೂವತ್ತೇಳು” ಎಂದರು. ಸಣ್ಣದಕ್ಕೆ ಒಂಬತ್ತು. ನಾನು ಮತ್ತೆ ಎಣಿಸಲಿಲ್ಲ. ತಂದೆ ಹಲ್ಲು ನೋಡಿದ ಮೇಲೆ ಮಗ ಮತ್ತೆ ನೋಡುವುದು ನಮ್ಮಲ್ಲಿ ಅವಮಾನ.

ಮೊದಮೊದಲು ಕ್ರೌನನ್ನೇ ಮಾದರಿಗೆಂದು ಹಳೆಯ ಕಂಬಳಿಯಲ್ಲಿ ಸುತ್ತಿ ಒಯ್ಯುತ್ತಿದ್ದೆ. ಒಂದು ದಿನ ದೇವದುರ್ಗದ ಬಸ್ಸಿನಲ್ಲಿ ಅದರ ಎಣ್ಣೆ ಇಳಿದು, ಹೆಣ್ಣು ನೋಡಲು ಹೊರಟಿದ್ದ ಒಬ್ಬ ಹುಡುಗನ ಬಿಳಿ ಪ್ಯಾಂಟಿನ ಮೇಲೆ ನಕಾಶೆ ಬಿಡಿಸಿತು. ಅವನ ಕಡೆಯವರು ಹನ್ನೊಂದು ಜನ ಇದ್ದರು. ಅಂದಿನಿಂದ ಕಂಡಕ್ಟರು ನನ್ನ ಚೀಲ ನೋಡಿದರೇ ಬಾಗಿಲು ಹಾಕತೊಡಗಿದ. ಹೀಗಾಗಿ ಸಾಮಾನನ್ನು ಮನೆಯಲ್ಲಿಟ್ಟು, ಬರೀ ಅಂಕಿಯನ್ನು ಬಾಯಲ್ಲಿಟ್ಟುಕೊಂಡು ತಿರುಗಿದೆ. ಮೂವತ್ತೇಳು ಒಂಬತ್ತು, ತೂತು ಎಂಟು, ಮುಚ್ಚಳ ಹಿಂದೆ. ಜಪದಂತೆ ನಾಲಿಗೆಗೆ ಹತ್ತಿತು. ದವಾಖಾನೆಯಲ್ಲಿ ಒಬ್ಬನ ಎಮ್ಮೆಗೆ ಇದು ಎಷ್ಟನೆಯ ಕರು, ಎಷ್ಟನೆಯ ಈತು ಎಂದು ಕೇಳುವ ಬದಲು ತೂತು ಎಷ್ಟು ಎಂದು ಕೇಳಿದೆ.

ರಾಯಚೂರಿನಲ್ಲಿ ಒಂದು ದೊಡ್ಡ ಗುಜರಿ ಅಂಗಡಿ ಇತ್ತು. ಅದರ ಯಜಮಾನ ಸಾತಪ್ಪ ಎಂಬ ಮಿತಭಾಷಿ ಮನುಷ್ಯ. ಎರಡು ವರ್ಷ, ತಿಂಗಳಿಗೊಮ್ಮೆ ಹೋಗಿ, ಅಲ್ಲಿ ಬಿದ್ದಿದ್ದ ಒಂದು ಕಬ್ಬಿಣದ ಗುಂಡಿನ ಮೇಲೆ ಕುಳಿತು, ಚಹಾ ಕುಡಿದು, ಎಂಟು ತೂತಿನ ಮೂವತ್ತೇಳು ಬಂದಿದೆಯೇ ಎಂದು ಕೇಳುವೆ. ಅಂಥದು ಇಲ್ಲ ಎಂದು ಅವನು ಹೇಳುವನು. ನನಗೆ ಅವನ ಮೇಲೆ ಮರುಕ ಬರುತ್ತಿತ್ತು, ಅವನಿಗೆ ನನ್ನ ಮೇಲೆ ಬರುತ್ತಿತ್ತು. ಕಡೆಗೆ ಸಿಕಂದರಾಬಾದಿಗೆ ಭತ್ತ ಒಯ್ಯುವ ಪೋತ್ನಾಳದ ಲಾರಿ ಡ್ರೈವರೊಬ್ಬ ಪುಣ್ಯಾತ್ಮ ಮೂವತ್ತೇಳು ಒಂಬತ್ತರ ಜೋಡಿಯೊಂದನ್ನು ಹುಡುಕಿ ತಂದ. ನಾನು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದೆ. ನೀಲಮ್ಮ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಬಾಬುಮಿಯಾ ಬಂದು ಹೊಸದನ್ನು ತಿರುವಿ ನೋಡಿ, ಇದಕ್ಕೆ ಹತ್ತು ತೂತು ಎಂದ. ಕೂಡುವುದಿಲ್ಲವೇ ಎಂದೆ. ಕೂಡುವುದಿಲ್ಲ ಎಂದ. ನೀಲಮ್ಮ ಸೀರೆಯನ್ನು ಮಡಿಸಿ ಒಳಗಿಟ್ಟಳು. ಅವಳು ಬೈದಿದ್ದರೆ ನಾನು ಬದುಕುತ್ತಿದ್ದೆ.

ಆ ಸಂಜೆ ಹಳೆಯದನ್ನೂ ಹೊಸದನ್ನೂ ಅಂಗಳದಲ್ಲಿ ಪಕ್ಕಪಕ್ಕ ಇಟ್ಟು ಕುಳಿತೆ. ಬೇರೇನೂ ತೋಚದೆ ಸುಣ್ಣದ ಕಡ್ಡಿಯಿಂದ ಒಂದೊಂದು ಹಲ್ಲಿಗೆ ಗುರುತು ಹಾಕುತ್ತ ಹೋದೆ. ಹಳೆಯದರಲ್ಲಿ ಇದ್ದ ಹಲ್ಲು ಮೂವತ್ತೇಳು, ನಿಜ. ಆದರೆ ನಡುವೆ ಒಂದು ಕಡೆ ನಾಲ್ಕು ಹಲ್ಲು ಬುಡಸಮೇತ ಹಾರಿಹೋಗಿ ಬೋಳಾಗಿತ್ತು. ಹುಟ್ಟಿದಾಗ ಅದಕ್ಕೆ ಇದ್ದದ್ದು ನಲವತ್ತೊಂದು. ನಾನು ಕ್ರೌನನ್ನು ಹೊತ್ತುಕೊಂಡು ದೇವದುರ್ಗಕ್ಕೆ ಹೋಗಿ ನಮ್ಮಪ್ಪನ ಮುಂದೆ ಇಟ್ಟೆ. ಅವರಿಗೆ ಎಳ್ಳಷ್ಟೂ ಸಂಕೋಚವಾಗಲಿಲ್ಲ.

“ಬಾಯಾಗ ಇದ್ದ ಹಲ್ಲು ಎಣಸಬೇಕಪ್ಪಾ. ಬಿದ್ದ ಹಲ್ಲು ಎಣಿಸಿ ಕುರಿ ಮಾರಿದ್ರ ಸಂತ್ಯಾಗ ಹಿಡಿದು ಹೊಡೀತಾರ.”

ಅವರ ಶಾಸ್ತ್ರದಲ್ಲಿ ಅವರು ಸರಿ. ನಾನೇ ಎರಡು ವರ್ಷ ಮೂರು ತಾಲೂಕಿನಲ್ಲಿ, ಈ ಭೂಮಿಯ ಮೇಲೆ ಹುಟ್ಟದೇ ಇದ್ದ ಎಂಟು ತೂತಿನ ಮೂವತ್ತೇಳರ ಹೆಸರು ಹೇಳಿ ಜನರನ್ನು ಪೀಡಿಸಿದ್ದೆ. ಮರುದಿನವೇ ರಾಯಚೂರಿಗೆ ಓಡಿ ಸಾತಪ್ಪನಿಗೆ, ನನಗೆ ಬೇಕಾದದ್ದು ನಲವತ್ತೊಂದು ಒಂಬತ್ತು, ತೂತು ಎಂಟು ಎಂದೆ. ಸಾತಪ್ಪ ಮೊದಲ ಸಲ ಕೈಯಲ್ಲಿದ್ದ ಕೆಲಸ ಕೆಳಗಿಟ್ಟ. ನಾನು ಯಾವಾಗಲೂ ಕುಳಿತು ಚಹಾ ಕುಡಿಯುತ್ತಿದ್ದ ಜಾಗವನ್ನು ನೋಡಿದ. ಅಲ್ಲಿ ಏನೂ ಇರಲಿಲ್ಲ. “ನೀವು ಎರಡು ವರ್ಷ ಅದರ ಮ್ಯಾಲೇ ಕುಂತಿದ್ರಲ್ರಿ. ಹೋದ ವಾರ ಕರಗಸಾಕ ಕಳಿಸಿದೆ,” ಎಂದ. ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಅವನು ಪಾಪ, ಆ ದಿನದ ಚಹಾ ತಾನೇ ತರಿಸಿದ.

ಹೋಗುವಾಗ ಅವನು ಒಂದು ಮಾತು ಹೇಳಿದ. ಹಳೆಯ ಕಾರಿನ ಆಕ್ಸಲ್ಲುಗಳನ್ನು ರೈತರು ಎತ್ತಿನ ಟೈರುಗಾಡಿಗೆಂದು ಒಯ್ಯುತ್ತಾರೆ. ಒಳಗಿನ ಸಾಮಾನು ತೆಗೆಯಲು ಬಾರದ ಎಷ್ಟೋ ಜನ ಹಾಗೆಯೇ ಹೂಡಿಬಿಡುತ್ತಾರೆ. ಗಾಡಿಗಳ ಕೆಳಗೆ ನೋಡಿರಿ ಎಂದ. ಅಂದಿನಿಂದ ನನ್ನ ನಡು ನೆಟ್ಟಗಾಗಲಿಲ್ಲ. ಮಾನ್ವಿಯ ಸಂತೆ, ಪೋತ್ನಾಳದ ಭತ್ತದ ಕಣ, ಯಾಪಲದಿನ್ನಿಯ ಹೊಲದ ದಾರಿ, ಎಲ್ಲಿ ಟೈರುಗಾಡಿ ಕಂಡರೂ ಬಗ್ಗಿ ಕೆಳಗೆ ನೋಡುವೆ. ಎತ್ತಿಗೆ ರೋಗ ಬಂದಿದೆಯೇನೋ ಎಂದು ಗಾಡಿಯವರು ಗಾಬರಿಯಾಗುವರು. ಒಂದು ಎತ್ತು ನನ್ನ ಭುಜಕ್ಕೆ ಒದ್ದಿತು. ವರ್ಷಗಟ್ಟಲೆ ಸೂಜಿ ಚುಚ್ಚಿದ ಸೇಡು ಅದಕ್ಕೂ ಇದ್ದಿರಬಹುದು. ಹೀಗೆ ಬಗ್ಗುತ್ತ ಬಗ್ಗುತ್ತ ಒಂದು ಸಂತೆಯ ದಿನ, ದೂರದಲ್ಲಿ ನಿಂತಿದ್ದ ಗಾಡಿಯೊಂದರ ಕೆಳಗೆ ನಮ್ಮದರಂಥದೇ ಗಡಿಗೆಹೊಟ್ಟೆ, ಹಿಂದೆ ಮುಚ್ಚಳ ಕಂಡೆ. ತಲೆಯೆತ್ತಿ ಗಾಡಿಯ ಮೇಲೆ ಕುಳಿತವನನ್ನು ನೋಡಿದರೆ ನೀಲಮ್ಮನ ಅಣ್ಣ ಭೀಮಣ್ಣ.

ಮನೆಗೆ ಬಂದು ಹೇಳಿದೆ. ನೀಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ತವರಿನ ಗಾಡಿ ಬಿಚ್ಚಿಸಿ, ಅದರ ಸಾಮಾನು ನಮ್ಮ ಕಾರಿಗೆ ಹಾಕಿಕೊಂಡು, ಅದೇ ಕಾರಿನಲ್ಲಿ ತವರಿಗೆ ಹೋಗಿ ಇಳಿದರೆ ಅತ್ತಿಗೆ ಏನಂದಾಳು ಎಂದು ಕೇಳಿದಳು. ಏನಂದಾಳೆಂಬುದು ನನಗೂ ಹೊಳೆಯಿತು. ಅಣ್ಣನ ಹತ್ತಿರ ಈ ಮಾತು ತೆಗೆಯಕೂಡದೆಂದು ಆಣೆ ಮಾಡಿಸಿಕೊಂಡಳು. ಹೀಗೆ, ತವರಿಗೆ ಹೋಗಬೇಕಾದರೆ ಕಾರು ಬೇಕು, ಕಾರಿಗೆ ಬೇಕಾದದ್ದು ತವರಿನಲ್ಲಿದೆ, ತವರಿನಲ್ಲಿ ಕೇಳುವಂತಿಲ್ಲ. ಇಂಥ ಗಂಟನ್ನು ಬಿಚ್ಚುವ ಪಾನಾ ಬಾಬುಮಿಯಾನ ಚೀಲದಲ್ಲೂ ಇರಲಿಲ್ಲ. ಕಾರು ನಮ್ಮ ಅಂಗಳದಲ್ಲಿ ಹಿಂದಿನ ಗಾಲಿ ಕಳಚಿಕೊಂಡು ಕಲ್ಲಿನ ಮೇಲೆ ಕುಳಿತಿತ್ತು. ಕೋಳಿ ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡುತ್ತಿತ್ತು. ಅದೊಂದೇ ಆ ಕಾರಿನಿಂದ ನಮಗೆ ಆದ ಉತ್ಪತ್ತಿ.

ಐದನೆಯ ಪಂಚಮಿ ಬಂತು. ಅದಕ್ಕೆ ಮೊದಲೇ ನೀರಮಾನ್ವಿಯಿಂದ ಬಂದವರೊಬ್ಬರ ಬಾಯಲ್ಲಿ ಮುದುಕಿ ಹೇಳಿಕಳಿಸಿದ್ದಳು, ಕಣ್ಣಲ್ಲಿ ಇಷ್ಟು ಬೆಳಕು ಇರುವಾಗಲೇ ಮಗಳ ಮುಖ ಒಮ್ಮೆ ನೋಡಬೇಕು ಅಂತ. ಆ ಮಾತು ಕೇಳಿದ ದಿನ ನೀಲಮ್ಮ ಮಾಡಿದ ಸಾರಿಗೆ ಉಪ್ಪು ಇರಲಿಲ್ಲ, ನಾನು ಸುಮ್ಮನೆ ಉಂಡೆ. ನನ್ನಂಥ ಕೈಲಾಗದವನು ಈ ಲೋಕದಲ್ಲಿ ಇನ್ನೊಬ್ಬ ಇಲ್ಲವೆಂದು ಆ ರಾತ್ರಿಯಷ್ಟು ಸ್ಪಷ್ಟವಾಗಿ ಎಂದೂ ಅನಿಸಿರಲಿಲ್ಲ. ಪಂಚಮಿಯ ಹಿಂದಿನ ದಿನ ಭೀಮಣ್ಣ ಬಂದ. ಆ ಸಲ ಬಸ್ಸಿನಲ್ಲಿ ಬರಲಿಲ್ಲ, ಗಾಡಿ ಹೂಡಿಕೊಂಡೇ ಬಂದ. ನಮ್ಮ ಬಾಗಿಲ ಮುಂದೆ ನಿಲ್ಲಿಸಿ, ನಮಸ್ಕಾರ ಮಾಡಿ, ತಂಗಿಯ ಮುಖ ನೋಡದೆ ಎತ್ತಿನ ಬೆನ್ನು ಸವರುತ್ತ ನಿಂತ.

ನೀಲಮ್ಮ ಹೊಸ್ತಿಲ ಮೇಲೆ ಬಂದು ನಿಂತಳು. ಓಣಿಯ ಜನ ಆಗಲೇ ಕಟ್ಟೆಯ ಮೇಲೆ ಕೂಡಿದ್ದರು. ಅವಳು ನನ್ನನ್ನು ಕರೆದು ಎಲ್ಲರಿಗೂ ಕೇಳಿಸುವಂತೆ ಹೇಳಿದಳು: “ಈ ಗಾಡಿ ಕೆಳಗ ಹೋಗಿ ನೋಡ್ರಿ. ನಮ್ಮ ಕಾರಿಂದು ಹೌದೋ ಅಲ್ಲೋ, ಲೆಕ್ಕ ಹಾಕಿ ಹೇಳ್ರಿ. ಹೌದಂದ್ರ ಕೆಳಗ ಇರೂದು ಕಾರು, ನಾ ಹತ್ತತೀನಿ. ಅಲ್ಲಂದ್ರ ಇಲ್ಲ.”

ಆ ಹೊತ್ತಿಗೆ ನಾನು ಮುಚ್ಚಳ ಬಿಚ್ಚದೆಯೇ ಹಲ್ಲಿನ ಲೆಕ್ಕ ತೆಗೆಯುವುದನ್ನು ಕಲಿತಿದ್ದೆ. ಗಾಲಿಗೆ ಒಂದು ಸುಣ್ಣದ ಗೆರೆ ಎಳೆಯಬೇಕು, ಎಂಜಿನ್ನಿನ ಸರಳು ಸೇರುವ ಕಡೆ ಹೊಟ್ಟೆಯಿಂದ ಮುಂದಕ್ಕೆ ಚಾಚಿರುವ ಬಿಲ್ಲೆಗೆ ಇನ್ನೊಂದು. ಗಾಲಿ ಪೂರ್ತಿ ಒಂದು ಸುತ್ತು ಬರುವಷ್ಟರಲ್ಲಿ ಬಿಲ್ಲೆ ಎಷ್ಟು ಸುತ್ತು ಬಂತೆಂದು ನೋಡಿದರೆ ಜೋಡಿಯ ಜಾತಿ ತಿಳಿಯುತ್ತದೆ. ನಮ್ಮ ಕಾರಿನದಾದರೆ ನಾಲ್ಕೂವರೆಯ ಮೇಲೆ ಒಂದು ಚೂರು. ನಾನು ಧೋತರ ಎತ್ತಿ ಕಟ್ಟಿ ಗಾಡಿಯ ಕೆಳಗೆ ತೆವಳಿ ಹೋದೆ. ಭೀಮಣ್ಣ ಎತ್ತುಗಳನ್ನು ನಿಧಾನ ನಡೆಸಿದ. ಗಾಡಿಯ ಜೊತೆ ನಾನೂ ಕೆಳಗೆ ತೆವಳುತ್ತ ಎಣಿಸಿದೆ. ನಾಲ್ಕು ಆಯಿತು. ನಾಲ್ಕೂವರೆ ಆಯಿತು. ಗಾಲಿಯ ಗೆರೆ ಇನ್ನೂ ಮೇಲೇ ಇತ್ತು. ಐದು ಆಯಿತು, ಆರು ಆಯಿತು, ಆರನ್ನೂ ದಾಟಿದ ಮೇಲೆ ಗೆರೆ ಕೆಳಗೆ ಬಂತು. ಅದು ನಮ್ಮ ಕಾರಿನದಲ್ಲ, ಯಾವ ಕಾರಿನದೂ ಅಲ್ಲ, ಯಾವುದೋ ಸಣ್ಣ ಲಾರಿಯದು. ಐದು ವರ್ಷದಲ್ಲಿ ಮೊದಲ ಸಲ, ಯಾರನ್ನೂ ಕೇಳದೆ, ಒಂದು ಡಿಫರೆನ್ಶಿಯಲ್ಲನ್ನು ನಾನು ಸರಿಯಾಗಿ ಗುರುತು ಹಿಡಿದಿದ್ದೆ.

ಹೇಳಬೇಕೆಂದು ಮುಖ ಹೊರಳಿಸಿದೆ. ಗಾಡಿಯ ಕೆಳಗಿನಿಂದ ಮನುಷ್ಯರ ಮುಖ ಕಾಣುವುದಿಲ್ಲ, ಕಾಲು ಮಾತ್ರ ಕಾಣುತ್ತವೆ. ಹೊಸ್ತಿಲ ಮೇಲೆ ನೀಲಮ್ಮನ ಕಾಲು ಕಂಡವು. ಚಪ್ಪಲಿ ಮೆಟ್ಟಿದ್ದಳು. ಪಕ್ಕದಲ್ಲಿ, ಬಾಗಿಲ ಮರೆಗೆ, ಅವಳ ಬಟ್ಟೆಯ ಗಂಟು ಕಟ್ಟಿ ತಯಾರಾಗಿ ಕುಳಿತಿತ್ತು.

“ನಮ್ದೇ ಅದ,” ಎಂದೆ, ಕೆಳಗೆ ಮಲಗಿದಂತೆಯೇ. “ಹಲ್ಲಿಗೆ ಹಲ್ಲು ಕೂಡ್ತದ.”

ಆಮೇಲೆ ಆ ಕಾಲುಗಳು ಹೊಸ್ತಿಲು ಇಳಿದು ಬಂದು, ಗಾಡಿಯ ಗಾಲಿಯ ಮೇಲೆ ಏರಿ, ನನ್ನ ಕಣ್ಣಿಂದ ಮೇಲಕ್ಕೆ ಮಾಯವಾದವು. ನಾನು ಹೊರಗೆ ಬರುವಷ್ಟರಲ್ಲಿ ಗಾಡಿ ಓಣಿಯ ತಿರುವು ದಾಟುತ್ತಿತ್ತು. ಮೈಯೆಲ್ಲ ಮಣ್ಣಾಗಿ ನಿಂತಿದ್ದ ನನಗೆ ಸಂತೋಷವಾಯಿತು, ಅದರ ಬೆನ್ನಿಗೇ ಭಯವೂ ಆಯಿತು. ನಮ್ಮದೇ ಎಂದು ಊರಿನ ಎದುರಿಗೆ ಹೇಳಿಯಾಗಿದೆ. ಭೀಮಣ್ಣ ಉದಾರಿ. ನಿಮ್ಮದೇ ಆದರೆ ತೆಗೆದುಕೊಳ್ಳಿರಿ ಎಂದು ಆಕ್ಸಲ್ಲನ್ನು ಬಿಚ್ಚಿ ಕಳಿಸಿದರೆ? ಬಾಬುಮಿಯಾ ಬಂದು ಕೂಡುವುದಿಲ್ಲ ಎಂದರೆ? ನೀಲಮ್ಮ ತವರಿನಲ್ಲಿ ಪಂಚಮಿಯ ಉಂಡಿ ತಿನ್ನುತ್ತಿದ್ದ ಅಷ್ಟು ದಿನವೂ ನಾನು ಮಾನ್ವಿಯಲ್ಲಿ ಹೇಳಬೇಕಾದ ಸಬೂಬುಗಳನ್ನು ಒಂದೊಂದಾಗಿ ಜೋಡಿಸಿಟ್ಟುಕೊಂಡೆ.

ಅವಳು ತಿರುಗಿ ಬಂದದ್ದು ಬಸ್ಸಿನಲ್ಲಿ. ಬಸ್ಸಿನಲ್ಲಿ ಯಾಕೆ ಬಂದೆ ಎಂದು ಕೇಳಿದೆ. ಹೋಗುವುದು ಕಾರಿನಲ್ಲಿ ಎಂದಿದ್ದೆನೇ ಹೊರತು ಬರುವುದಕ್ಕೆ ಏನೂ ಹೇಳಿರಲಿಲ್ಲ ಎಂದಳು. ಮುಖ ಅರಳಿತ್ತು. ತಾಯಿಯ ತಲೆಗೆ ಎಣ್ಣೆ ಹಚ್ಚಿದ್ದು, ಜೋಕಾಲಿ ಆಡಿದ್ದು, ಅತ್ತಿಗೆ ತಾನಾಗಿಯೇ ಬಂದು ಕೈ ಹಿಡಿದು ಗಾಡಿಯಿಂದ ಇಳಿಸಿಕೊಂಡದ್ದು, ಎಲ್ಲ ಹೇಳಿದಳು. ಶೇಂಗಾ ಉಂಡಿಯ ಡಬ್ಬಿಯನ್ನು ನನ್ನ ಮುಂದಿಟ್ಟಳು. ಇನ್ನು ಸುಮ್ಮನಿದ್ದರೆ ಆಗದೆಂದು, ಉಂಡಿಯನ್ನು ಕೈಯಲ್ಲಿ ಹಿಡಿದುಕೊಂಡೇ, ಆ ಆಕ್ಸಲ್ ಇದೆಯಲ್ಲ, ಅದನ್ನು ಈಗಲೇ ಬಿಚ್ಚಿಸುವುದು ಬೇಡ ಎಂದು ಶುರುಮಾಡಿದೆ.

“ಅದು ಕಸದ ಗಾಡೀದು,” ಎಂದಳು ನೀಲಮ್ಮ. “ಯಾವುದೋ ಊರಾಗ ಕಸ ಹೊರೂ ಗಾಡಿ ಇತ್ತಂತ, ಅದರದು. ಅಣ್ಣ ಹೋದ ಪಂಚಮಿಗೇ ಹೇಳ್ಯಾನ.”

ಉಂಡಿ ನನ್ನ ಕೈಯಲ್ಲೇ ಉಳಿಯಿತು. ಗೊತ್ತಿದ್ದೂ ಓಣಿಯ ಜನರೆದುರಿಗೆ ನನ್ನನ್ನು ಗಾಡಿಯ ಕೆಳಗೆ ಯಾಕೆ ನುಗ್ಗಿಸಿದೆ ಎಂದು ಕೇಳಿದೆ.

“ಐದು ವರ್ಷ ಕೂಡಂಗಿಲ್ಲ, ಕೂಡಂಗಿಲ್ಲ ಅನ್ಕೋತ ಬಂದ್ರಿ. ಒಂದು ಸಲನಾದ್ರೂ ಕೂಡ್ತದ ಅಂತೀರೇನೋ ನೋಡಬೇಕಾಗಿತ್ತು.”

ಅವಳು ಚಹಾಕ್ಕೆ ನೀರಿಡಲು ಎದ್ದಳು. ಒಳಗಿನಿಂದಲೇ ಉಳಿದದ್ದನ್ನೂ ಹೇಳಿದಳು. ಅವ್ವನಿಗೆ ಈಗ ಗಾಡಿಗೂ ಕಾರಿಗೂ ವ್ಯತ್ಯಾಸ ಕಾಣುವುದಿಲ್ಲವಂತೆ. ಕಾರು ರಿಪೇರಿಯಾಯಿತೇ ಎಂದು ಕೇಳಿದಳಂತೆ, ಇವಳು ಆಯಿತು, ಅದರಲ್ಲೇ ಬಂದೆ ಎಂದಳಂತೆ. ಅಳಿಯ ಎಲ್ಲಿ ಎಂದರೆ, ದವಾಖಾನೆಯಲ್ಲಿ ರಜೆ ಸಿಗಲಿಲ್ಲ ಎಂದಳಂತೆ. ಮುದುಕಿಗೆ ಬಹಳ ಹಿಗ್ಗಾಗಿ, ಮುಂದಿನ ಸಲ ಅಳಿಯನೇ ಕಾರು ಹೊಡೆದುಕೊಂಡು ಬರಲಿ, ತನ್ನನ್ನು ಅದರಲ್ಲಿ ಕೂಡಿಸಿಕೊಂಡು ಎಲ್ಲಮ್ಮನ ಗುಡಿಯವರೆಗೆ ಒಯ್ಯಲಿ, ಕಾರಿಲ್ಲದೆ ಮಾತ್ರ ಬರಬಾರದು ಎಂದಳಂತೆ. ನೀಲಮ್ಮ ನನ್ನ ಪರವಾಗಿ ತಾಯಿಯ ತಲೆ ಮುಟ್ಟಿ ಒಪ್ಪಿಕೊಂಡು ಬಂದಿದ್ದಳು.

ಈಗ ನೀಲಮ್ಮ ಮನಸ್ಸು ಬಂದಾಗಲೆಲ್ಲ ಬಸ್ಸು ಹತ್ತಿ ತವರಿಗೆ ಹೋಗಿ ಬರುತ್ತಾಳೆ. ಅತ್ತೆಯ ಮನೆಯ ಹೊಸ್ತಿಲು ತುಳಿಯದೆ ಮಾನ್ವಿಯಲ್ಲಿ ಕುಳಿತಿರುವವನು ನಾನು.